ಗಾಡಿಯ ಕೆಳಗಿನ ಕೆಮ್ಮು

ದೆವ್ವ ಭೂತದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಹೆದರಿಕೆಯಿಂದಲ್ಲ, ಬೇಸರದಿಂದ. ಬಂಗಾರಪೇಟೆಯ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ನಾನು ಹದಿನೈದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಗಾಳಿ ಮೆಟ್ಟಿಕೊಂಡಿದೆ ಎಂದು ತಿಂಗಳುಗಟ್ಟಲೆ ತಾಯತ ಕಟ್ಟಿಸಿಕೊಂಡು, ಮೈ ಸೊರಗಿದ ಮೇಲೆ ನಮ್ಮಲ್ಲಿಗೆ ಬಂದವರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಅವರ ರಕ್ತ, ಮೂತ್ರ, ಕಫ ಎಲ್ಲವೂ ನನ್ನ ಕೈ ದಾಟಿ ಹೋಗಿವೆ. ಗಾಳಿ ಎಂದು ಅವರು ಕರೆದದ್ದಕ್ಕೆ ಪ್ರತಿ ಸಲವೂ ಒಂದು ಸರಿಯಾದ ಹೆಸರಿರುತ್ತಿತ್ತು. ಒಬ್ಬರಿಗೆ ಕ್ಷಯ, ಇನ್ನೊಬ್ಬರಿಗೆ ಟೈಫಾಯಿಡ್, ಮತ್ತೊಬ್ಬರಿಗೆ ಬರೀ ರಕ್ತಹೀನತೆ. ಹಾಗಾಗಿ ಇಂಥದ್ದೊಂದನ್ನು ನಾನೇ ಬರೆಯಲು ಕೂತಿರುವುದು ನನಗೆ ಅಷ್ಟೇನೂ ಹಿಡಿಸಿಲ್ಲ. ಆದರೂ ನಡೆದದ್ದು ನಡೆದಂತೆ ಹೇಳುತ್ತೇನೆ. ನಂಬಿ ಎಂದು ಕೇಳುವುದಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ನನ್ನ ಗಂಡ ಮುರಳಿಗೆ ಪೇಟೆಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ಆ ವರ್ಷ ಹೊಸ ಎಸ್‌ಯುವಿ ತೆಗೆದುಕೊಂಡಿದ್ದರು. ತೆಗೆದುಕೊಂಡ ಮೇಲೆ ಭಾನುವಾರಗಳಂದು ಗುಡ್ಡ, ಕೆರೆಯಂಗಳ ಎಂದು ಗಾಡಿ ಓಡಿಸುವ ಕೆಲವರ ಜೊತೆ ಸೇರಿದರು. ಅವರೆಲ್ಲ ತಮ್ಮ ಗಾಡಿಗಳಿಗೆ ದೊಡ್ಡ ಹಲ್ಲಿನ ಟೈರು ಹಾಕಿಸಿ, ಮೈ ಎತ್ತರಿಸಿ, ಮುಂದೆ, ಸಿಕ್ಕಿಕೊಂಡಾಗ ಹಗ್ಗ ಸುತ್ತಿ ಎಳೆಯುವ ರಾಟೆ ಕೂರಿಸಿಕೊಂಡವರು. ಮುರಳಿಯ ಗಾಡಿ ಶೋರೂಮಿನಿಂದ ಬಂದ ಹಾಗೇ ಇತ್ತು. ಟೈರೂ ಡಾಂಬರು ರಸ್ತೆಯದು. "ಇದನ್ನ ಮದುವೆ ಮನೆಗೆ ತಗೊಂಡೋಗು" ಎಂದು ಅವರು ಗೇಲಿ ಮಾಡಿದ್ದರಂತೆ. ಆ ಮಾತು ಇವರಿಗೆ ಒಳಗೇ ಕೊರೆಯುತ್ತಿತ್ತು. ಏನೂ ಬದಲಾಯಿಸದ ಗಾಡಿಯೂ ಕೆಸರು ದಾಟುತ್ತದೆ ಎಂದು ತೋರಿಸುವ ವಿಡಿಯೋ ಒಂದು ಬೇಕಿತ್ತು. ತೆಗೆಯುವವಳು ನಾನು.

ಎರಡು ದಿನ ಹಿಡಿದ ಮಳೆ ಬಿಟ್ಟ ಮಧ್ಯಾಹ್ನ ಹೊರಟೆವು. ರಾಬರ್ಟ್‌ಸನ್‌ಪೇಟೆಯ ಸಂದಣಿ ದಾಟಿ ಮುಚ್ಚಿಹೋದ ಚಿನ್ನದ ಗಣಿಯಿರುವ ಕೋರಮಂಡಲ್ ಕಡೆ ತಿರುಗಿದೆವು. ಅಲ್ಲಿ ಗಣಿಯವರು ಅದಿರು ಪುಡಿಮಾಡಿ, ಸೈನೈಡ್ ಹಾಕಿ ಚಿನ್ನ ತೆಗೆದುಕೊಂಡ ಮೇಲೆ ಉಳಿದ ಹಿಟ್ಟನ್ನು ಗುಡ್ಡದ ಹಾಗೆ ಸುರಿದಿದ್ದಾರೆ. ಎಲ್ಲರೂ ಸೈನೈಡ್ ದಿಬ್ಬ ಎನ್ನುತ್ತಾರೆ. ಮಳೆ ಬಂದರೆ ಆ ಹಿಟ್ಟು ಕರಗಿ ಕೆಳಗಿನ ತಗ್ಗಿಗೆ ಇಳಿಯುತ್ತದೆ. ಹಳೆಯ ಕಾರ್ಮಿಕರ ಲೈನ್ ಮನೆಗಳ ಚರಂಡಿಯೂ ಅದೇ ತಗ್ಗಿಗೆ ಬಂದು ಸೇರುತ್ತದೆ. ನಾವು ಹೋದಾಗ ಅಲ್ಲಿ ಬೂದು ಬಣ್ಣದ, ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಕೆಸರು ಒಂದು ಆಟದ ಮೈದಾನದಷ್ಟು ಹರಡಿತ್ತು. ಅದರ ಮೇಲೆ ಕೋಳಿ ಅಂಗಡಿಯ ಪುಕ್ಕ, ಮಕ್ಕಳಿಗೆ ಕಟ್ಟಿ ಎಸೆದ ಪ್ಯಾಡುಗಳು, ಹೊಟ್ಟೆ ಉಬ್ಬಿದ ಒಂದು ಹಂದಿಮರಿ. ನಾತ ಮೂಗಿಗಲ್ಲ, ನೇರವಾಗಿ ಗಂಟಲಿಗೆ ಬಡಿಯುತ್ತಿತ್ತು.

"ಇಲ್ಲೇನ್ರೀ?" ಎಂದೆ.

"ಇಲ್ಲಿ ದಾಟಿದ್ರೆ ಯಾರೂ ಮಾತಾಡಂಗಿಲ್ಲ" ಎಂದರು.

ದಡದಲ್ಲಿ ನಾಲ್ಕೈದು ಮೇಕೆ ಬಿಟ್ಟುಕೊಂಡು ಒಬ್ಬ ಮುದುಕಿ ನಿಂತಿದ್ದಳು. ಸೊಂಟಕ್ಕೆ ಸಿಕ್ಕಿಸಿದ ಸೀರೆ, ತಲೆಗೆ ಗೊಬ್ಬರದ ಚೀಲದ ಕೊಪ್ಪೆ. ಹೆಸರು ಪಾಪಮ್ಮ ಎಂದು ಆಮೇಲೆ ಗೊತ್ತಾಯಿತು. ಗಾಡಿಯ ಹತ್ತಿರ ಬಂದು ಕಿಟಕಿ ತಟ್ಟಿ ಹೇಳಿದಳು: "ಅದ್ರೊಳಿಕ್ಕೆ ಓಗ್ಬೇಡ ಸಾಮಿ. ನಮ್ ಮೇಕೇನೂ ಕಾಲಿಡಲ್ಲ."

ಮುರಳಿ ನಕ್ಕು ಗಾಜು ಏರಿಸಿದರು.

ಮೊದಲ ಸಲ ಅಂಚಿನಲ್ಲಿ ಒಂದು ಸುತ್ತು ಹೊಡೆದು ಬಂದಾಗ ಏನೂ ಆಗಲಿಲ್ಲ. ಕೆಸರು ಎರಡೂ ಕಡೆ ರೆಕ್ಕೆಯ ಹಾಗೆ ಎದ್ದಿತು, ಇವರು ಮಗುವಿನ ಹಾಗೆ ಕೂಗಿದರು. ಎರಡನೇ ಸಲ ನಟ್ಟನಡುವೆ ನುಗ್ಗಿಸಿದರು. ನಾನು ಪಕ್ಕದ ಸೀಟಿನಲ್ಲಿ ಮೊಬೈಲು ಹಿಡಿದು ಕೂತಿದ್ದೆ. ಅರ್ಧ ದಾರಿಯಲ್ಲಿ ಗಾಡಿ ಮೆತ್ತಗಾಯಿತು. ಟೈರಿನ ಗೀರುಗಳಿಗೆ ಆ ಹಿಟ್ಟು ತುಂಬಿ ಚಕ್ರಗಳು ಬೋಳಾಗಿದ್ದಿರಬೇಕು. ನಾಲ್ಕೂ ಚಕ್ರ ತಿರುಗುತ್ತಿದ್ದವು, ಗಾಡಿ ಮಾತ್ರ ನಿಂತಲ್ಲೇ ಇಳಿಯುತ್ತಿತ್ತು. ಹಿಂದೆ ಮುಂದೆ ಮಾಡಿದಷ್ಟೂ ಇಳಿಯಿತು. ಕೊನೆಗೆ ಗಾಡಿಯ ಹೊಟ್ಟೆ ಕೆಸರಿಗೆ ಒತ್ತಿಕೊಂಡ ಸದ್ದು ಬಂತು. ಒದ್ದೆ ಹಿಟ್ಟಿನ ಮೇಲೆ ಅಂಗೈ ಇಟ್ಟ ಹಾಗೆ. ಮುರಳಿ ಎಂಜಿನ್ ಆರಿಸಿ ಸ್ಟೇರಿಂಗಿನ ಮೇಲೆ ಹಣೆ ಇಟ್ಟರು.

ಆ ಸದ್ದಿಲ್ಲದ ಹೊತ್ತಿನಲ್ಲೇ ಯಾರೋ ಕೆಮ್ಮಿದರು.

ಮೊದಲು ಒಣ ಕೆಮ್ಮು, ಮೂರು ಸಲ. ಆಮೇಲೆ ಉಸಿರೆಳೆದುಕೊಳ್ಳುವ ಸೀಟಿಯಂಥ ಸದ್ದು. ಆಮೇಲೆ ಎದೆಯ ತಳದಿಂದ ಕಫ ಕೆರೆದು, ಗಂಟಲಿಗೆ ತಂದು, ಬಾಯಲ್ಲಿ ಕೂಡಿಸಿ, ಉಗಿದದ್ದು. ನನಗೆ ಕೆಮ್ಮು ಹೊಸದಲ್ಲ. ಬೆಳಗಾದರೆ ಲ್ಯಾಬಿನ ಬೆಂಚಿನ ಮೇಲೆ ಅದೇ ಸಂಗೀತ. ಗಂಡಸಿನದೋ ಹೆಂಗಸಿನದೋ ಎಂದು ಕೆಮ್ಮಿನಿಂದ ಹೇಳಲಾಗುವುದಿಲ್ಲ ಎಂಬುದೂ ಗೊತ್ತು. ಆದರೆ ಈ ಕೆಮ್ಮು ಬಂದದ್ದು ನನ್ನ ಪಾದಗಳ ಕೆಳಗಿನಿಂದ. ಕಿವಿಗೆ ಕೇಳುವ ಮೊದಲೇ ಅಂಗಾಲಿಗೆ ನಡುಕ ತಾಗಿತ್ತು.

"ಏನೇ, ಉಷಾರಿಲ್ವಾ?" ಎಂದು ಮುರಳಿ ತಲೆಯೆತ್ತದೆ ಕೇಳಿದರು.

"ನಾನಲ್ಲ" ಎಂದೆ.

ಅವರು ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದಾಗಲೇ ಮತ್ತೆ ಕೇಳಿಸಿತು. ನನ್ನ ತುಟಿ ಮುಚ್ಚಿತ್ತು. ಅವರದೂ ಮುಚ್ಚಿತ್ತು. ನಾನು ಕಾಲುಗಳನ್ನು ಸೀಟಿನ ಮೇಲಕ್ಕೆ ಎಳೆದುಕೊಂಡೆ. ಆಗ ಕೆಳಗೆ, ಕಾಲು ಇಟ್ಟಿದ್ದ ಮ್ಯಾಟಿನ ಮೇಲೆ, ಅದು ಕಂಡಿತು. ನೆಲ್ಲಿಕಾಯಿಯಷ್ಟು ಗಾತ್ರದ ಒಂದು ಮುದ್ದೆ. ಬೂದು ಬಣ್ಣ, ನಡುವೆ ಹಳದಿ, ಅಂಚಿನಲ್ಲಿ ನೊರೆ. ಕೆಸರು ಎಲ್ಲಿಂದಲೋ ನುಗ್ಗಿದೆ ಎಂದುಕೊಂಡು, ಕೆಲಸದ ಅಭ್ಯಾಸಬಲದಿಂದ ಬಗ್ಗಿ ಬೆರಳ ತುದಿಯಿಂದ ಮುಟ್ಟಿದೆ. ಎಳೆಎಳೆಯಾಗಿ ಅಂಟಿಕೊಂಡು ಬಂತು. ಬೆಚ್ಚಗಿತ್ತು. ಬಾಯಿಂದ ಆಗಷ್ಟೇ ಬಂದದ್ದು ಎಷ್ಟು ಬೆಚ್ಚಗಿರುತ್ತದೋ ಅಷ್ಟೇ.

ಅವತ್ತಿಗಾಗಲೇ ಹನ್ನೊಂದು ವರ್ಷ ಡಬ್ಬಿಗಳಲ್ಲಿ ಕಫ ಇಸಿದುಕೊಂಡು ಚೀಟಿ ಅಂಟಿಸಿದವಳು ನಾನು. ಊಟದ ಡಬ್ಬಿ ಬಿಚ್ಚುವ ಮೊದಲು ಕೈ ತೊಳೆದುಕೊಂಡರೆ ಮುಗಿಯಿತು, ಹೇಸಿಗೆ ಎಂಬುದು ನನ್ನಲ್ಲಿ ಸತ್ತೇಹೋಗಿತ್ತು. ಅವತ್ತು ಮಾತ್ರ ಟಿಶ್ಯೂ ಕಾಗದದಲ್ಲಿ ಒರೆಸಿ, ಗಾಜು ಇಳಿಸಿ, ದೂರಕ್ಕೆ ಎಸೆದುಬಿಟ್ಟೆ. ಒಂದು ಕವರಿನಲ್ಲಿ ಹಾಕಿಟ್ಟುಕೊಂಡಿದ್ದರೆ ಮರುದಿನ ಸೂಕ್ಷ್ಮದರ್ಶಕದ ಕೆಳಗಿಟ್ಟು ಅದು ಮಣ್ಣೋ ಮನುಷ್ಯನದ್ದೋ ಎಂದು ಐದು ನಿಮಿಷದಲ್ಲಿ ಹೇಳಬಹುದಿತ್ತು. ಆ ಐದು ನಿಮಿಷದ ಕೆಲಸ ಮಾಡದೆ ಇದ್ದುದಕ್ಕೆ ಈ ನಾಲ್ಕು ವರ್ಷದಲ್ಲಿ ನನ್ನನ್ನು ನಾನು ಎಷ್ಟು ಬೈದುಕೊಂಡಿದ್ದೇನೋ.

ಬಾಗಿಲು ತೆರೆದರೆ ಕೆಸರು ಒಳಗೆ ಬರುತ್ತಿತ್ತು. ಕಿಟಕಿಯಿಂದಲೇ ಇಳಿದೆವು. ತೊಡೆಯವರೆಗೆ ಹೂತುಹೋದೆವು. ಚಪ್ಪಲಿ ಎರಡೂ ಅಲ್ಲೇ ಉಳಿದವು. ಕಾಲಿನ ಕೆಳಗೆ ಏನೇನೋ ಜಾರುತ್ತಿತ್ತು, ಏನೆಂದು ಯೋಚಿಸದೆ ಹೆಜ್ಜೆ ಎತ್ತಿಡುತ್ತಿದ್ದೆ. ದಡ ಸೇರಿದ ಕೂಡಲೇ ಕೂತು ವಾಂತಿ ಮಾಡಿಕೊಂಡೆ. ಮುರಳಿ ಟ್ರ್ಯಾಕ್ಟರ್ ಹುಡುಕಿಕೊಂಡು ರಸ್ತೆಗೆ ಹೋದರು.

ಪಾಪಮ್ಮ ನನ್ನ ತಲೆ ಹಿಡಿಯಲಿಲ್ಲ, ಬೆನ್ನು ಸವರಲಿಲ್ಲ. ದೂರದಲ್ಲೇ ನಿಂತು ನೋಡಿದಳು. ಅವಳ ಮುಖದಲ್ಲಿದ್ದದ್ದು ಕನಿಕರವಲ್ಲ. ನಾನು ಆ ಕೆಸರನ್ನು ನೋಡಿದ ಹಾಗೆ ಅವಳು ನನ್ನನ್ನು ನೋಡುತ್ತಿದ್ದಳು.

"ಆಟ ಆಡಕ್ಕೆ ಬೇರೆ ಕಡೆ ಮಣ್ಣೇ ಸಿಗ್ಲಿಲ್ವೇನಮ್ಮ ನಿಮ್ಗೆ?" ಎಂದಳು. "ನನ್ ಗಂಡ ಈ ದೂಳು ಕುಡ್ದೂ ಕುಡ್ದೂ ಒಂಬತ್ತು ವರ್ಸ ಕೆಮ್ಮಿ ಓದ. ಗಾಳಿ ಬೀಸಿದ್ರೆ ಇವತ್ತೂ ಅನ್ನದ ತಪ್ಪಲೆಗೆ ಬಂದು ಬೀಳುತ್ತೆ. ನಾವು ಬಟ್ಟೆ ಕಟ್ಟಿ ತಡೀತೀವಿ. ನೀವು ಕಾರ್ ತಗೊಂಬಂದು ಉಳ್ಳಾಡ್ತೀರ."

ಕೆಮ್ಮಿನ ವಿಷಯ ಅವಳಿಗೆ ಹೇಳಲಿಲ್ಲ.

ಒಂದು ಗಂಟೆಯ ಮೇಲೆ ಮುರಳಿ ಟ್ರ್ಯಾಕ್ಟರ್ ಸಮೇತ ಬಂದರು. ಓಡಿಸುವವನು ಕ್ಯಾಸಂಬಳ್ಳಿ ಕಡೆಯ ನಾರಾಯಣಪ್ಪ, ರಾಗಿ ಹುಲ್ಲು ಇಳಿಸಿ ವಾಪಸು ಹೊರಟಿದ್ದವನು. ಒಳ್ಳೆಯ ಮನುಷ್ಯ. ಟ್ರ್ಯಾಕ್ಟರನ್ನು ಗಟ್ಟಿ ನೆಲದಲ್ಲೇ ನಿಲ್ಲಿಸಿ, ಪಂಚೆ ಎತ್ತಿ ಕಟ್ಟಿ, ಉದ್ದದ ಸರಪಳಿ ಹಿಡಿದು ಕೆಸರಿಗೆ ಇಳಿದ. ಗಾಡಿಯ ಹಿಂದೆ ಮಂಡಿಯೂರಿ, ಕೆನ್ನೆ ಕೆಸರಿಗೆ ತಾಗುವಷ್ಟು ಬಗ್ಗಿ, ಕೊಕ್ಕೆ ಹುಡುಕುತ್ತಿದ್ದ. ಇದ್ದಕ್ಕಿದ್ದ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡು ಎದ್ದು ನಿಂತ.

"ಸಾರ್, ಕೆಳ್ಗಿರೋರ್ನ ಮೊದ್ಲು ಈಚಿಕ್ಕೆ ಬರಕ್ಕೇಳಿ."

"ಕೆಳಗೆ ಯಾರಿದ್ದಾರಪ್ಪ? ನಾವಿಬ್ರೇ ಬಂದಿದ್ದು" ಎಂದರು ಮುರಳಿ.

"ಮತ್ತೆ ಕೆಮ್ತಾ ಇರೋರ್ಯಾರು?" ಅವನ ದನಿಯಲ್ಲಿ ಭಯವಿರಲಿಲ್ಲ, ಸಿಟ್ಟಿತ್ತು. "ಮನುಸನ್ನ ಕೆಳ್ಗಾಕ್ಕಂಡು ಎಳಿ ಅಂತೀರಲ್ಲ. ನಾನು ಎಳ್ಯಕ್ಕಿಲ್ಲ. ಪೋಲೀಸ್ನೋರ್ಗೆ ಏಳ್ತೀನಿ."

ಅವನಿಗೆ ನಾವು ಏನೂ ಹೇಳಿರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ.

ಕೊನೆಗೆ ಮುರಳಿಯೇ ನೋಡಬೇಕಾಯಿತು. ಅಂಗಿ ಬಿಚ್ಚಿ ಆ ಕೆಸರಿನಲ್ಲಿ ಮಲಗಿ, ಗಾಡಿಯ ಹೊಟ್ಟೆಯ ಕೆಳಗೆ ಬಲಗೈಯನ್ನು ಭುಜದವರೆಗೆ ತೂರಿಸಿ ತಡಕಾಡಿದರು. ಎಷ್ಟು ಹೊತ್ತು ಎಂದು ಸರಿಯಾಗಿ ಗೊತ್ತಿಲ್ಲ. ಒಂದು ಹಂತದಲ್ಲಿ ಅವರ ಕೈ ಅಲ್ಲಾಡುವುದು ನಿಂತಿತು, ಮುಖ ಮಾತ್ರ ನನ್ನ ಕಡೆ ತಿರುಗಿತು. ಹತ್ತು ವರ್ಷ ಜೊತೆಗೆ ಸಂಸಾರ ಮಾಡಿದ ಮನುಷ್ಯನ ಆ ಮುಖವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೆ ಮೆಲ್ಲಗೆ, ತೀರ ಮೆಲ್ಲಗೆ, ಕೈ ಹೊರಗೆಳೆದುಕೊಂಡರು.

"ಯಾರೂ ಇಲ್ಲ. ಎಳೀರಿ" ಎಂದರು.

ನಾರಾಯಣಪ್ಪ ಒಂದು ಗಳಿಗೆ ಅವರನ್ನೇ ನೋಡಿ ಸರಪಳಿ ಸಿಕ್ಕಿಸಿದ. ಮೂರನೆಯ ಎಳೆತಕ್ಕೆ ಗಾಡಿ ಕಿತ್ತುಕೊಂಡು ಬಂತು. ಅದು ಇದ್ದ ಜಾಗದಲ್ಲಿ ಉಳಿದದ್ದು ಒಂದು ಹಳ್ಳ. ನಾಲ್ವರೂ ನಿಂತು ನೋಡಿದೆವು. ಯಾರೂ ಇರಲಿಲ್ಲ. ಸುತ್ತಲಿನ ಕೆಸರು ನಿಧಾನವಾಗಿ ಜಾರಿ ಬಂದು ಹಳ್ಳವನ್ನು ಮುಚ್ಚಿತು, ಎರಡು ಗುಳ್ಳೆ ಎದ್ದು ಒಡೆದವು, ಅಷ್ಟೇ.

ಮನೆಗೆ ಬಂದವರೇ ಮುರಳಿ ಬಚ್ಚಲಿಗೆ ಹೋಗಿ ಬಲಗೈ ಉಜ್ಜತೊಡಗಿದರು. ಸೋಪು ಮುಗಿದ ಮೇಲೆ ಪಾತ್ರೆಯ ಪುಡಿ, ಅದಾದ ಮೇಲೆ ನೆಲ ತಿಕ್ಕುವ ಬ್ರಷ್ಷು. ಮರುದಿನ ಮೊಣಕೈಯಿಂದ ಕೆಳಗೆ ಚರ್ಮ ಕೆಂಪಗೆ ಸುಲಿದಿತ್ತು. ಕೈಗೆ ಏನು ಸಿಕ್ಕಿತು ಎಂದು ಅವತ್ತು ಕೇಳಿದೆ, ಒಂದು ವಾರ ಬಿಟ್ಟು ಕೇಳಿದೆ, ಆಮೇಲೂ ಕೇಳಿದ್ದೇನೆ. "ಕೆಸರು" ಎನ್ನುತ್ತಾರೆ. ಇಷ್ಟು ಹೇಳಿ ಎದ್ದು ಹೋಗುತ್ತಾರೆ. ಗಾಡಿಯನ್ನು ತಿಂಗಳೊಳಗೆ ಬದಲಾಯಿಸಿದರು. ಆ ಭಾನುವಾರದವರ ಸಹವಾಸವೂ ತಾನಾಗಿ ಬಿಟ್ಟುಹೋಯಿತು.

ನನ್ನ ಮೊಬೈಲಿನಲ್ಲಿ ಎಲ್ಲವೂ ಉಳಿದಿತ್ತು. ಗಾಡಿ ಸಿಕ್ಕಿಕೊಂಡಾಗ ಗಾಬರಿಯಲ್ಲಿ ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ. ಚಿತ್ರದಲ್ಲಿ ಕಾಣುವುದು ಡ್ಯಾಶ್‌ಬೋರ್ಡು, ಕೆಸರು ಬಡಿದ ಗಾಜು. ಕೆಮ್ಮು ಮಾತ್ರ ಸ್ಪಷ್ಟವಾಗಿದೆ, ಎರಡು ಸಲವೂ. ಒಂದು ದಿನ ಮುರಳಿಗೆ ಕೇಳಿಸಿದೆ. ಕೇಳಿ ಮುಗಿಸಿ ಅವರು ಹೇಳಿದ್ದು ಒಂದೇ ಮಾತು: "ಇದು ನೀನೇ ಕಣೇ." ನನ್ನ ಮುಚ್ಚಿದ ತುಟಿಯನ್ನು ನೋಡುತ್ತಾ ಕೂತಿದ್ದವರು ಅವರೇ. ಈಗ ಅದನ್ನು ಒಪ್ಪಲು ತಯಾರಿಲ್ಲ. ನಮ್ಮಿಬ್ಬರ ನಡುವೆ ಅವತ್ತು ಬಿದ್ದ ಬಿರುಕು ಹಾಗೆಯೇ ಇದೆ. ಜಗಳವಾಡುವುದಿಲ್ಲ. ಆ ಮಾತಿನ ದಾರಿಗೆ ಹೋಗುವುದಿಲ್ಲ, ಅಷ್ಟೇ.

ಮಳೆಗಾಲ ಮುಗಿದ ಮೇಲೆ ನಾನೊಬ್ಬಳೇ ಬಸ್ಸಿನಲ್ಲಿ ಕೋರಮಂಡಲ್‌ಗೆ ಹೋದೆ. ಲೈನ್ ಮನೆಗಳಲ್ಲಿ ವಿಚಾರಿಸಿ ಪಾಪಮ್ಮನನ್ನು ಹುಡುಕಿದೆ. ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಗುರುತು ಹಿಡಿದಳು, ಒಳಗೆ ಕರೆಯಲಿಲ್ಲ. ಅವತ್ತು ಆಡಿದ ಆಟಕ್ಕೆ ತಪ್ಪಾಯಿತು ಎಂದೆ. ಅವಳು ತಲೆಯಾಡಿಸಿದಳು, ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಧೈರ್ಯ ಮಾಡಿ ಮೊಬೈಲು ತೆಗೆದು, ಇದನ್ನೊಂದು ಕೇಳಿ ಎಂದೆ. ಅವಳ ಗಂಡನ ಕೆಮ್ಮು ಇದ್ದಿರಬಹುದು ಎಂಬುದು ನನ್ನ ಮನಸ್ಸಿನಲ್ಲಿತ್ತು. ಅವಳು ಹೌದೆಂದರೆ ಸಾಕಿತ್ತು. ನಂಬದಿದ್ದರೂ, ಹೆಸರೊಂದು ಸಿಕ್ಕ ಹಾಗಾಗುತ್ತಿತ್ತು.

ಪಾಪಮ್ಮ ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು ಕೇಳಿದಳು. ಇನ್ನೊಂದು ಸಲ ಹಾಕು ಎಂದಳು. ಮೂರನೆಯ ಸಲವೂ ಕೇಳಿದಳು.

"ನಮ್ಮೋರ್ದಲ್ಲ ಇದು" ಎಂದಳು. "ನಮ್ ಲೈನಾಗೆ ಕೆಮ್ಮಿದೋರೆಲ್ಲಾರ್ದೂ ನಂಗೊತ್ತು. ಗೋಡೆ ಆಚೆಯಿಂದ್ಲೇ ಯಾರು ಅಂತ ಏಳ್ತಿದ್ದೆ. ಇದು ಎಂಗಸಿನ ಕೆಮ್ಮು."

ಮೊಬೈಲು ವಾಪಸು ಕೊಡುತ್ತಾ ನನ್ನ ಮುಖವನ್ನೇ ನೋಡಿದಳು. ಅವತ್ತು ದಡದಲ್ಲಿದ್ದ ಆ ಅಸಹ್ಯ ಈಗ ಅವಳ ಮುಖದಲ್ಲಿರಲಿಲ್ಲ.

"ಯಾವಾಗಿಂದ ಕೆಮ್ತಾ ಇದೀಯಮ್ಮ?" ಎಂದು ಕೇಳಿದಳು.

"ನಂಗೆ ಕೆಮ್ಮಿಲ್ಲ" ಎಂದೆ. ಅವಳು ಅವರೆಕಾಯಿಯ ಮೊರವನ್ನು ಮಡಿಲಿಗೆ ಎಳೆದುಕೊಂಡಳು.

ಆ ವಾರವೇ ಎದೆಯ ಎಕ್ಸ್‌ರೇ ಮಾಡಿಸಿದೆ. ಏನೂ ಇಲ್ಲ. ನನ್ನದೇ ಕಫವನ್ನು ನಾನೇ ಡಬ್ಬಿಗೆ ಹಾಕಿ, ನನ್ನದೇ ಹೆಸರಿನ ಚೀಟಿ ಅಂಟಿಸಿ, ನಾನೇ ಪರೀಕ್ಷಿಸಿದೆ. ಅದರಲ್ಲೂ ಏನೂ ಇಲ್ಲ. ವರ್ಷಕ್ಕೊಮ್ಮೆ ಈಗಲೂ ಮಾಡಿಸುತ್ತೇನೆ, ನಾನು ಆರೋಗ್ಯವಾಗಿದ್ದೇನೆ. ಅವತ್ತು ಗಾಡಿಯ ಕೆಳಗೆ ಕೆಮ್ಮಿದ್ದು ಯಾರು ಎಂದು ನನಗೆ ಗೊತ್ತಿಲ್ಲ, ಗೊತ್ತಿದೆ ಎಂದು ಹೇಳುವವರನ್ನು ಇವತ್ತಿಗೂ ನಂಬುವುದಿಲ್ಲ. ಆದರೆ ನೆಗಡಿಯಾಗಿ ಒಂದು ಸಣ್ಣ ಕೆಮ್ಮು ಬಂದರೂ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ಕೂರುತ್ತೇನೆ. ಅವತ್ತಿನ ಕೆಮ್ಮು ಇದೇನಾ ಎಂದು ಕಿವಿಗೊಟ್ಟು ಹೋಲಿಸಿ ನೋಡುತ್ತೇನೆ. ಇಲ್ಲಿಯವರೆಗೆ ಅಲ್ಲ.