ಮಿಣಿಕೆಯ ಪಕ್ಕದ ಮೆಕ್ಕೆ

ಬಳ್ಳಿ ಮುಟ್ಟಿ ಕಾಯಿ ಹೇಳುವುದನ್ನು ಅಮ್ಮ ನನಗೆ ಕಲಿಸಿದ್ದಳು. ಸೌತೆಯ ಎಲೆಗೆ ಮೂಲೆಗಳಿರುತ್ತವೆ, ತುದಿ ಚೂಪು, ಸವರಿದರೆ ದನದ ನಾಲಿಗೆಯ ಹಾಗೆ ತರಿತರಿ. ಮಿಣಿಕೆಯ ಎಲೆ ಗುಂಡಗೆ, ಮೆತ್ತಗೆ. ಇಷ್ಟೂ ಗೊತ್ತಾಗದವರು ಹೊಲಕ್ಕೆ ಕಾಲಿಡದಿರುವುದೇ ವಾಸಿ ಎಂಬುದು ಅವಳ ಅಭಿಪ್ರಾಯ. ಕಷ್ಟವಿರುವುದು ಮಿಣಿಕೆಗೂ ಕಾಡುಮೆಕ್ಕೆಗೂ ನಡುವೆ. ಎಲೆಯೂ ಒಂದೇ ತರಹ, ಹಳದಿ ಹೂವೂ ಒಂದೇ ತರಹ. ಮಿಣಿಕೆ ಮಾಗಿ ಬಿರಿದರೆ ಮನೆಯೆಲ್ಲ ಘಮ್ಮೆನ್ನುತ್ತದೆ, ಬೆಲ್ಲ ಹಾಕಿ ಕಿವುಚಿ ತಿನ್ನುತ್ತೇವೆ. ಮೆಕ್ಕೆಯನ್ನು ನಾಲಿಗೆಗೆ ಸೋಕಿಸಿದರೆ ಸಂಜೆಯವರೆಗೂ ಬಾಯಿ ಕಹಿ. "ಹೂವ ನೋಡಬ್ಯಾಡ, ಹೂವಿನ ಹಿಂದ್ಗಡೆ ನೋಡು" ಅನ್ನುತ್ತಿದ್ದಳು ಅಮ್ಮ. ಮಿಣಿಕೆಯ ಹೀಚು ಉದ್ದಕ್ಕಿದ್ದು ಮೇಲೆ ಬಿಳಿ ನವಿರು ಇರುತ್ತದೆ. ಮೆಕ್ಕೆಯದು ಅವರೆಕಾಳಿನಷ್ಟು, ಗುಂಡಗೆ.

ಕೃಷ್ಣರಾಜನಗರದ ಆಚೆ ಹೊಳೆದಂಡೆಯಲ್ಲಿದ್ದ ನಮ್ಮ ತುಂಡು ಹೊಲದಲ್ಲಿ ಅವಳು ಮೆಕ್ಕೆಯ ಒಂದು ಎಲೆಯನ್ನೂ ಉಳಿಸುತ್ತಿರಲಿಲ್ಲ. ಅಷ್ಟು ಸಾಲದೆಂದು ಪಕ್ಕದವರ ಬದುವಿಗೂ ಹೋಗಿ ಕಿತ್ತು ಬರುತ್ತಿದ್ದಳು. "ನಿಮ್ಮಪ್ಪಂದಾ ಬದು?" ಎಂದು ಬೈಸಿಕೊಂಡು ಬರುವುದು ವರ್ಷವರ್ಷದ ಮಾಮೂಲು. ನನಗೆ ನಾಚಿಕೆಯಾಗುತ್ತಿತ್ತು. ಊರ ಉಸಾಬರಿ ನಿನಗ್ಯಾಕವ್ವ ಎಂದರೆ ಉತ್ತರ ಕೊಡುತ್ತಿರಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ತಮ್ಮ ಆ ತುಂಡಿಗೂ ಕಬ್ಬು ಹಾಕಿದ. ಅಡುಗೆಮನೆಯ ಗೋಡೆಗೆ ಅವಳು ಬೂದಿಯಲ್ಲಿ ಕಲಸಿ ಮೆತ್ತಿದ್ದ ಮಿಣಿಕೆ ಬೀಜ ಹಾಗೇ ಇತ್ತು. ಬಣ್ಣ ಹೊಡೆಯುವವರು ಬರುವ ಮುಂಚೆ ಅದನ್ನು ಕೆರೆದು, ಸೆರಗಿಗೆ ಕಟ್ಟಿಕೊಂಡು ಹುಣಸೂರು ಕಡೆಯ ನನ್ನ ಗಂಡನ ಮನೆಗೆ ತಂದೆ. ಅವಳ ಕೈಯದು ಅಂತ ಭೂಮಿಯ ಮೇಲೆ ಉಳಿದಿದ್ದು ಅದೊಂದೇ. ರಾಗಿ ಹೊಲದಲ್ಲಿ ಅವರೆ ಬಿತ್ತುವ ಅಕ್ಕಡಿ ಸಾಲಿಗೆ ಅಷ್ಟನ್ನೂ ಹಾಕಿದೆ. ಎಲ್ಲ ಹುಟ್ಟಿತು.

ಬಳ್ಳಿ ಹೂವಿಗೆ ಬರುವ ಹೊತ್ತಿಗೆ ಅಮ್ಮನ ವರ್ಷದ ತಿಥಿ ಬಂತು. ನಾನು ತವರಿಗೆ ಹೋದೆ. ಎಡೆ ಇಟ್ಟು, ಅವಳ ಫೋಟೋದ ಮುಂದೆ ನಾವೆಲ್ಲ ಎಲೆಗೆ ಕೂತಿದ್ದಾಗ ಓರಗಿತ್ತಿಯ ಫೋನು ಬಂತು.

"ಕಳೆ ಎಲ್ಲಾ ಆಯ್ತು ಕಣವ್ವ. ನಿನ್ ಮಿಣಿಕೆನ ಜ್ವಾಪಾನವಾಗಿ ಉಳ್ಸಿವ್ನಿ. ಆಗ್ಲೇ ಕಾಯಿ ಬುಟ್ಟದೆ. ಫೋಟೋ ಕಳ್ಸಿವ್ನಿ, ನೋಡು."

ನೋಡಿದೆ. ಬುಡಕ್ಕೆ ಮಣ್ಣು ಏರಿಸಿ, ಮುಳ್ಳು ನೆಟ್ಟು, ಮಗುವಿನ ಹಾಗೆ ನೋಡಿಕೊಂಡಿದ್ದ ಬಳ್ಳಿ. ಅದರ ತುಂಬ ಪಟ್ಟೆಪಟ್ಟೆಯ ಗುಂಡು ಕಾಯಿ. ಮೆಕ್ಕೆ. ಹಿಂದೆ ಬದುವಿನ ಮೇಲೆ ಕಿತ್ತು ಹಾಕಿ ಬಾಡಿದ್ದ ಬಳ್ಳಿಯ ರಾಶಿಯೂ ಫೋಟೋದಲ್ಲಿತ್ತು. ಎಲೆಯ ಮೇಲಿದ್ದ ಅನ್ನ ನನಗೆ ಸೇರಲಿಲ್ಲ.

ಓರಗಿತ್ತಿ ಕೆಟ್ಟವರೆಂದು ಹೇಳಲಾರೆ. ಅವರ ತವರು ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿ. ಹಣ್ಣಿನ ವಾಸನೆಗೆ ಆನೆ ಬರುತ್ತದೆಂದು ಅಲ್ಲಿ ಯಾರೂ ಮಿಣಿಕೆ ಹಾಕುವುದಿಲ್ಲ. ಬೇಗ ಕಾಯಿ ಕಟ್ಟಿದ್ದು ಮನೆಯದು, ಬರೀ ಎಲೆ ಹಬ್ಬಿಸಿಕೊಂಡು ಕೂತದ್ದು ಕಾಡಿನದು ಎಂದು ಅವರೇ ಲೆಕ್ಕ ಹಾಕಿದ್ದರು. ಆದರೆ ತಪ್ಪಾಯಿತು ಎಂಬ ಮಾತು ಅವರ ಬಾಯಲ್ಲಿ ಹುಟ್ಟುವುದಿಲ್ಲ. ತಿಥಿ ಮುಗಿಸಿ ವಾಪಸು ಬಂದವಳು ನೇರ ಹೊಲಕ್ಕೇ ಹೋದೆ; ನನಗೂ ಆವತ್ತು ಮೈಯೆಲ್ಲ ಉರಿಯುತ್ತಿತ್ತು.

"ಅಕ್ಕ, ಇದು ಮೆಕ್ಕೆ ಕಣಕ್ಕ. ನೀವು ಕಿತ್ತು ಬಿಸಾಕಿರೋದು ನಮ್ಮವ್ವನ ಬೀಜ."

"ನಿಂದೇ ಕಾಡ್ದು. ಎಲೆ ಬುಟ್ಟು ಇನ್ನೇನಿತ್ತು ಅದ್ರಲ್ಲಿ?"

ನಾನು ಆ ಮೆಕ್ಕೆ ಬಳ್ಳಿಗೆ ಕೈ ಹಾಕಿದೆ. ಓರಗಿತ್ತಿ ಅಡ್ಡ ನಿಂತರು. ನನ್ನ ಗಂಡ ಎಂದಿನ ಹಾಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಕಡೆ ನಡೆದರು. ಕೊನೆಗೆ ಭಾವ, ಎಂದರೆ ಓರಗಿತ್ತಿಯ ಗಂಡ, ಮನೆಗೆ ಹಿರಿಯರಾದ್ದರಿಂದ ನ್ಯಾಯ ಹೇಳಿದರು. ಅವರೆ ಗಿಡದ ಮರೆಯಲ್ಲಿ ನನ್ನದೊಂದು ಬಳ್ಳಿ ಉಳಿದಿದ್ದನ್ನು ಅವರೇ ಹುಡುಕಿದ್ದರು.

"ಯಾರೂ ಯಾವ್ದೂ ಮುಟ್ಬ್ಯಾಡಿ. ಎರಡೂ ಮಾಗ್ಲಿ. ತಿಂದು ನೋಡನ."

ಯಾರಿಗೂ ಅನ್ಯಾಯವಾಗದ ತೀರ್ಪು ಅಂತ ಎಲ್ಲರೂ ತಲೆದೂಗಿದರು. ನಾನೂ ಒಪ್ಪಿದೆ. ರಾಗಿ ಕೊಯ್ಲಿನವರೆಗೂ ಎರಡು ಬಳ್ಳಿಯೂ ಹೂ ಬಿಟ್ಟುಕೊಂಡು ಅಕ್ಕಪಕ್ಕ ಹಬ್ಬಿದವು. ಬೆಳಗಾದರೆ ಜೇನುಹುಳು ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಹಾರುತ್ತಿತ್ತು. ನೋಡಲು ಚೆಂದವಿತ್ತು.

ನನ್ನ ಬಳ್ಳಿ ಒಂದೇ ಹಣ್ಣು ಕೊಟ್ಟಿತು. ಬಿರಿದು ಮನೆಯೆಲ್ಲ ಘಮಘಮ. ಓರಗಿತ್ತಿಯೇ ಎರಡು ಸಲ ಹಾಕಿಸಿಕೊಂಡು ತಿಂದರು. ಅವರ ಮೆಕ್ಕೆಯನ್ನು ಭಾವ ಕಚ್ಚಿ, ಮುಖ ಕಿವುಚಿ, "ನೀನೇ ಗೆದ್ದೆ ಕಣವ್ವ" ಅಂದರು. ಗೆದ್ದೆನೆಂದೇ ತಿಳಿದು ಬೀಜ ತೊಳೆದು, ಅಮ್ಮನ ಹಾಗೆಯೇ ಬೂದಿ ಹಚ್ಚಿ ಗೋಡೆಗೆ ಮೆತ್ತಿದೆ. ಆ ರಾತ್ರಿ ಸುಖವಾಗಿ ನಿದ್ದೆ ಮಾಡಿದೆ.

ಮರುವರ್ಷ ಒಂದು ಬೀಜವನ್ನೂ ಉಳಿಸದೆ ಬಿತ್ತಿದೆ. ಎಲೆ ಗುಂಡಗೆ, ಹೀಚಿನ ಮೇಲೆ ಬಿಳಿ ನವಿರು. ಕಾಯಿ ಸ್ವಲ್ಪ ಚಿಕ್ಕದಾದಾಗ ಮಳೆ ಸಾಲದೇನೋ ಅಂದುಕೊಂಡೆ. ಮೊದಲ ಹಣ್ಣು ಬಿರಿದ ದಿನ ಎಲ್ಲರನ್ನೂ ಕೂರಿಸಿ ನಾನೇ ಬಡಿಸಿದೆ. ಓರಗಿತ್ತಿ ಬಾಯಿಗಿಟ್ಟವರು ಅಂಗಳಕ್ಕೆ ಹೋಗಿ ಉಗುಳಿದರು.

"ಅವತ್ತೇ ಯೋಳ್ನಿಲ್ವಾ ನಾನು, ನಿಂದು ಕಾಡ್ದು ಅಂತ?"

ಈ ಸಲ ಅವರು ಹೇಳಿದ್ದು ನಿಜ. ನನ್ನ ಹೊಟ್ಟೆ ಉರಿಸಿದ್ದೂ ಅದೇ. ಒಂದಾದರೂ ಸಿಹಿ ಇದ್ದೀತೆಂದು ಮುಂದೆ ಮಾಗಿದ್ದನ್ನೆಲ್ಲ ಕಚ್ಚಿ ನೋಡಿದೆ. ಎಲ್ಲ ಕಹಿ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರೆ. ಬೀಜದ ವಿಷಯದಲ್ಲಿ ಅಪ್ಪನನ್ನೂ ವಿಚಾರಿಸಬೇಕು, ಜೇನುಹುಳು ಯಾವ ಹೂವಿನ ಹುಡಿ ತಂದಿತ್ತೆಂದು. ಅಮ್ಮ ಬೈಸಿಕೊಂಡಾದರೂ ಕಂಡವರ ಬದುವಿನ ಮೆಕ್ಕೆ ಯಾಕೆ ಕೀಳುತ್ತಿದ್ದಳು ಎಂದು ಆವತ್ತು ಗೊತ್ತಾಯಿತು. ಒಂದು ಮಾತು ಬಿಡಿಸಿ ಹೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಅವಳ ಮೇಲೂ ನನಗೆ ಸಿಟ್ಟಿದೆ.

ಈಗ ಮಳೆಗಾಲ ಬಂದರೆ ನಾನೂ ಪಕ್ಕದವರ ಬದುವಿಗೆ ನುಗ್ಗಿ ಮೆಕ್ಕೆ ಕೀಳುತ್ತೇನೆ. ಅವರು ಬೈಯುತ್ತಾರೆ. ನಾನು ಉತ್ತರ ಕೊಡುವುದಿಲ್ಲ. ಅಮ್ಮನಿಗಾದರೆ ಕಾಯಲು ಬದುವಿನ ಈಚೆ ಕಡೆ ಒಂದು ಮಿಣಿಕೆ ಬಳ್ಳಿಯಾದರೂ ಇತ್ತು.