ಒಡೆಯೋದು ಎರಡು ಥರ

ನಾನು ಕಮಲಾಪುರದ ಸಾಲ್ಯಾಗ ವಿಜ್ಞಾನ ಕಲಿಸ್ತೀನಿ. ದಿನಾ ಕಲಬುರಗಿಯಿಂದ ಬಸ್ಸಿನಾಗ ಹೋಗಿ ಬರೋದು. ಸಿಟ್ಟು ನನ್ನ ಮೂಗಿನ ತುದಿಗೇ ಇರ್ತದ ಅಂತ ಮನ್ಯಾಗೂ ಅಂತಾರ, ಸಾಲ್ಯಾಗೂ ಅಂತಾರ. ಅನ್ಲಿ ಬಿಡ್ರಿ. ಭೌತಿಕ ಬದಲಾವಣೆ, ರಾಸಾಯನಿಕ ಬದಲಾವಣೆ ಪಾಠ ಬಂದಾಗ ಮಾತ್ರ ನಾ ಸಿಟ್ಟು ಮಾಡಂಗಿಲ್ಲ. ಅದು ನನಗ ಭಾಳ ಸೇರೋ ಪಾಠ.

ಈ ಸಲ ಆ ಪಾಠ ಬಂದಾಗ ಮನ್ಯಾಗ ನೆಮ್ಮದಿ ಇರಲಿಲ್ಲ. ಜೇವರ್ಗಿ ಕಾಲೋನಿಯ ಮನ್ಯಾಗ ನಾವು, ಮೈದುನನ ಸಂಸಾರ ಎಲ್ಲಾ ಕೂಡಿ ಇದ್ದವರು. ಮೈದುನನ ಹೆಂಡ್ತಿ, ಅಂದ್ರ ನನ್ನ ನೆಗೆಣ್ಣಿ, ಮದುವಿ ಆಗಿ ಬಂದ ವಾರದಾಗೇ ನನಗ "ಅಕ್ಕಾ, ನೀ" ಅನ್ನಾಕ ಸುರು ಮಾಡಿದಾಕಿ. ಅತ್ತಿ ಕಣ್ಣು ಕೆಂಪು ಮಾಡಿದ್ರೂ ಬಿಡಲಿಲ್ಲ. ಹೋದ ತಿಂಗಳು ಪುಂಡಿಪಲ್ಯಕ್ಕ ಉಪ್ಪು ಹೆಚ್ಚಾತು ಅಂತ ಸುರು ಆದ ಮಾತು ಎಲ್ಲೆಲ್ಲಿಗೋ ಹೋತು. ನಾ ಒಂದು ಅಂದೆ, ಆಕಿ ಎರಡು ಅಂದ್ಲು. ಕಡೀಕ ಮೈದುನ, ಆಕಿ ಮ್ಯಾಲಿನ ಮನ್ಯಾಗ ಬ್ಯಾರೆ ಒಲಿ ಹೂಡಿದ್ರು. ಮರುದಿನ ಗೇಟಿನ ಹತ್ತಿರ ಸಿಕ್ಕಾಗ, "ಸಾಲಿಗಿ ಹೊಂಟ್ರೇನ್ರಿ ಅಕ್ಕಾರ?" ಅಂದ್ಲು. ನಮ್ಮ ಕಡೆ ರೀ ಅನ್ನೋದು ಮರ್ಯಾದಿ, ಖರೇ. ಆದ್ರ ಆಕಿ ಬಾಯಾಗಿನ ಆ ರೀ ನನಗ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಇಂಥಾದ್ರಾಗ ಪಾಠ. ಕೆಂಪು ಬಾಳೆಹಣ್ಣು ಹೆಚ್ಚಿದ್ರ ಭೌತಿಕ, ಕಾಯಿ ಹಣ್ಣಾದ್ರ ರಾಸಾಯನಿಕ ಅಂದೆ. ಕೆಂಪು ಬಾಳಿಗಿ ಹೆಸರಾದ ಕಮಲಾಪುರದ ಹುಡುಗರಿಗೆ ಬಾಳಿಕಾಯಿ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲಾರೂ ಎಡವೋದು 'ಒಡೆಯೋದು' ಅನ್ನೋ ಮಾತಿನಾಗ. ಗಾಜೂ ಒಡೀತದ, ಹಾಲೂ ಒಡೀತಾವ. ಎರಡೂ ತಿರುಗಿ ಮೊದಲಿನಂಗ ಆಗಂಗಿಲ್ಲ, ಅದಕ್ಕ ಎರಡೂ ರಾಸಾಯನಿಕ ಅಂತ ಬರೀತಾರ.

"ಮೊದಲಿನಂಗ ಆಗ್ತದೋ ಇಲ್ಲೋ ಅಂತ ಕೇಳಬ್ಯಾಡ್ರಿ," ಅಂದೆ. "ಬ್ಯಾರೆ ವಸ್ತು ಆಗ್ಯದೇನು ಅಂತ ಕೇಳ್ರಿ. ಗಾಜಿನ ಚೂರು ಗಾಜೇ. ಒಡದ ಹಾಲು ಹಾಲಲ್ಲ. ಇನ್ನೇನೇನು ಒಡೀತದ, ಹೇಳ್ರಿ ನೋಡೋಣ."

ಕೊಡ ಅಂದ್ರು, ಬಲ್ಬು ಅಂದ್ರು. ಹಿಂದಿನ ಬೆಂಚಿನಿಂದ ಯಾರೋ, "ಮನಿ ಒಡೀತದ ರೀ ಟೀಚರ್. ಅದು ಯಾವ ಬದಲಾವಣೆ?" ಅಂದ್ರು. ಕ್ಲಾಸೆಲ್ಲಾ ನಕ್ತು. ಬ್ಯಾರೆ ದಿನ ಆಗಿದ್ರ ಗದರಿಸ್ತಿದ್ದೆ. ಅವತ್ತು ಬೋರ್ಡಿನ ಕಡೆ ತಿರುಗಿದೆ.

ವಾಪಸ್ ಬರೋವಾಗ ಬಸ್ಸಿನಾಗ ಅದೇ ಗುಂಗು. ಮನಿ ಎರಡಾತು, ಆಗಲಿ. ಎರಡು ಒಲಿ ಅಂದ್ರ ಎರಡು ಚೂರು, ಅಷ್ಟ. ಆದ್ರ ಆಕಿ ಬ್ಯಾರೇನೇ ಆಗಿಬಿಟ್ಟಾಳೇನು? ಆ ರೀ ಕೇಳಿದಾಗೊಮ್ಮೆ ಹಂಗೇ ಅನಸ್ತಿತ್ತು. ಆಕಿ ಇಲ್ಲದ ಅಡಗಿಮನಿ ನನಗ ಬಿಕೋ ಅಂತಿತ್ತು. ಹಂಗಂತ ನಾನಾಗೇ ಮ್ಯಾಲ ಹೋಗಿ ಮಾತಾಡಸಾಕ ಸೊಕ್ಕು ಬಿಡಬೇಕಲ್ಲ.

ಮುಂದಿನ ಐತವಾರ ಮುಂಜಾನೆ ಮ್ಯಾಲಿನ ಮನೀಗಿ ಬೀಗರು ಬಂದಿದ್ರು. ಮೆಟ್ಟಿಲ ಮ್ಯಾಲೆ ಅವರ ಚಪ್ಪಲಿ ನೋಡಿ ನಾ ಸುಮ್ನ ಒಳಗ ಬಂದು ಚಹಾಕ್ಕ ಹಾಲು ಕಾಯಾಕ ಇಟ್ಟಿದ್ದೆ. ಸ್ವಲ್ಪ ಹೊತ್ತಿಗಿ ದಡದಡ ಇಳಿದು ಬಂದ ಸಪ್ಪಳ. ಬೆಲ್ ಇಲ್ಲ, ಬಾಗಿಲಾಗ ನಿಂತು ಕರಿಯೋದಿಲ್ಲ. ಖಾಲಿ ಬೋಗುಣಿ ಹಿಡಕೊಂಡು ನನ್ನ ನೆಗೆಣ್ಣಿ ಸೀದಾ ಒಲೀ ಮುಂದ ಬಂದು ನಿಂತ್ಲು.

"ಅಕ್ಕಾ, ಹಾಲು ಒಡದಾವ," ಅಂದ್ಲು. "ನೀ ಏನು ನೋಡಕೋತ ನಿಂತಿ, ಇದ್ದಷ್ಟು ಕೊಡು."