ಕಂಡಕ್ಟರ್ ಅಕ್ಕನ ಎಡಗೈ

ನಾನು ಬಾಕ್ಸಿಂಗ್ ಕಲಿಸುವವಳಾಗುವುದು ಆಗದ ಹೋಗದ ಮಾತು ಎಂದು ಮೊದಲು ಹೇಳಿದವಳು ನಮ್ಮ ಸೋದರತ್ತೆ. ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತ, ತಲೆಯನ್ನೂ ಎತ್ತದೆ ಹೇಳಿದಳು.

“ಬಡಿಸಿಕೊಂಡಾಕಿ ಬಡಿಯೂದನ್ನ ಏನ ಕಲಸ್ತಾಳ? ಮಂದಿ ಗೆದ್ದಾವ್ರನ್ನ ಕೇಳ್ಕೊಂಡ ಹೋಗ್ತಾರ, ನಿನ್ನಲ್ಲ.”

ಒಳಗೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಅಪ್ಪ ಲಾಳಿ ನಿಲ್ಲಿಸಿದ. ನಕ್ಕನೋ ಕೆಮ್ಮಿದನೋ ತಿಳಿಯಲಿಲ್ಲ.

ಅತ್ತೆಯ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ರೊಕ್ಕಕ್ಕಾಗಿ ಆಡುವ ಬಾಕ್ಸಿಂಗಿನಲ್ಲಿ ನಾನು ಆರು ಪಂದ್ಯ ಆಡಿದ್ದೆ. ಒಂದು ಗೆದ್ದೆ, ಒಂದು ಸಮ ಆಯಿತು, ನಾಲ್ಕು ಸೋತೆ. ಎಡಹುಬ್ಬು ಮೂರನೇ ಸಲ ಒಡೆದಾಗ ಹೊಲಿಗೆ ಹಾಕಿದ ಡಾಕ್ಟರರು, “ಇನ್ನ ಸಾಕ ಮಾಡವಾ, ಇಲ್ಲಿ ಚರ್ಮನ ಉಳಿದಿಲ್ಲ” ಎಂದರು. ಹಾಗೆ ನನ್ನ ಆಟ ಮುಗಿಯಿತು. ಪಂದ್ಯ ಆಡಿದರೆ ರೊಕ್ಕ ಕೊಡುತ್ತಾರೆ ಎಂದು ಮೊದಲ ಸಲ ಕೇಳಿದಾಗ ಅತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದಳು. “ಬಡಿಸಿಕೊಳ್ಳಾಕ ರೊಕ್ಕಾ? ಸಣ್ಣಾಕಿದ್ದಾಗ ನಿಮ್ಮಪ್ಪನ ಕೈಲೆ ಪುಕ್ಕಟ ತಿಂದಿಯಲ್ಲ, ಲುಕ್ಸಾನ ಆತ ನೋಡ!”

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಹಗಲು ಹುನಗುಂದದ ಕಾಲೇಜು, ಬೆಳಿಗ್ಗೆ ಸಂಜೆ ಅತ್ತೆಯ ಪಕ್ಕದಲ್ಲಿ ಕಂಡಿಕೆ. ಬಾಕ್ಸಿಂಗ್ ಹಿಡಿದದ್ದು ಆಟದ ಮೇಲಿನ ಪ್ರೀತಿಯಿಂದಲ್ಲ. ನನ್ನ ತೂಕದ ಹುಡುಗಿ ಕಾಲೇಜಿಗೆ ಬೇಕಾಗಿದ್ದಳು, ಆಡಿದರೆ ಫೀ ಮಾಫಿ ಎಂದರು. ಪ್ರೀತಿ ಆಮೇಲೆ ಬಂತು, ಮೂಗಿನ ಬಾವು ಇಳಿದ ಮೇಲೆ.

ಅತ್ತೆಗೆ ಓದಲು ಬರುವುದು ಒಂದೇ ಒಂದು ಶಬ್ದ, ತನ್ನ ಹೆಸರು. ಅದನ್ನು ಕಲಿಸಿದವಳೂ ನಾನೇ. ನಾನು ಎಂಟನೇ ಇಯತ್ತೆಯಲ್ಲಿದ್ದಾಗ, ಹೆಬ್ಬೆಟ್ಟು ಒತ್ತುವುದು ಬಿಡಿಸಬೇಕೆಂದು ಹಟ ಹಿಡಿದು ಒಂದು ತಿಂಗಳು ಸ್ಲೇಟು ಹಿಡಿಸಿದ್ದೆ. ಮೂರನೇ ದಿನ ಅದೇ ಸ್ಲೇಟಿನಿಂದ ನನ್ನ ತಲೆಗೆ ಕೊಟ್ಟಿದ್ದಳು. ಅಂದಿನಿಂದ ಮನೆಗೆ ಯಾವ ಕಾಗದ ಬಂದರೂ ಅದರಲ್ಲಿ ತನ್ನ ಹೆಸರಿದೆಯೇ ಎಂದು ಮೊದಲು ಹುಡುಕುತ್ತಾಳೆ. ನನ್ನ ಡಿಗ್ರಿ ಸರ್ಟಿಫಿಕೇಟಿನಲ್ಲೂ ಹುಡುಕಿದ್ದಳು. ಸಿಗದಿದ್ದಾಗ ಮಡಿಚಿ ಕೊಟ್ಟು, “ಛಲೋ ಐತಿ, ಆದ್ರ ಬಣ್ಣ ಕಡಿಮಿ” ಎಂದಿದ್ದಳು.

ನಮ್ಮ ಓಣಿಯ ಸಮುದಾಯ ಭವನದ ಮೇಲೆ ಒಂದು ಖಾಲಿ ಕೋಣೆ ಇತ್ತು. ಅಲ್ಲಿ ಹುಡುಗಿಯರಿಗೆ ಬಾಕ್ಸಿಂಗ್ ಕಲಿಸುತ್ತೇನೆ ಎಂದು ಹಿರಿಯರನ್ನು ಕೇಳಿದೆ. “ತರಬೇತಿದಾರರ ಸರ್ಟಿಫಿಕೇಟ್ ತಗೊಂಡ ಬಾರವಾ, ಕೀಲಿ ನಿಂದು. ಇಲ್ಲಂದ್ರ ಅದನ್ನ ಗೋದಾಮ ಮಾಡ್ತೀವಿ” ಎಂದರು. ಅಂದರೆ ಸರ್ಟಿಫಿಕೇಟ್ ಸಿಕ್ಕರೆ ಆ ಕೋಣೆ, ಸಿಗದಿದ್ದರೆ ಮತ್ತೆ ಅತ್ತೆಯ ಪಕ್ಕದ ಚಾಪೆ.

ಕೋರ್ಸು ಬಾಗಲಕೋಟೆಯ ನವನಗರದಲ್ಲಿ. ಒಟ್ಟು ಒಂಬತ್ತು ಜನ ಇದ್ದೆವು. ಅದರಲ್ಲಿ ರೊಕ್ಕದ ಪಂದ್ಯ ಆಡಿ ನಿವೃತ್ತರಾದವರು ಇಬ್ಬರೇ, ನಾನು ಮತ್ತು ಬಾದಾಮಿಯವನೊಬ್ಬ. ಅವನು ಆಡಿದ್ದೆಲ್ಲ ಗೆದ್ದವನು. ಪಕ್ಕದಿಂದ ಬೀಸುವ ಅವನ ಎಡಗೈ ಹುಕ್ ಬಿದ್ದರೆ ಎದುರಿನವರು ಎಚ್ಚರವಾಗುವುದು ಡ್ರೆಸ್ಸಿಂಗ್ ರೂಮಿನಲ್ಲಿ ಎಂದು ಜನ ಹೇಳುತ್ತಿದ್ದರು. ಬಾಯಿ ಮಾತ್ರ ಬಲು ಮೆತ್ತಗೆ, ನನ್ನನ್ನು ಅಕ್ಕಾ ಎಂದೇ ಕರೆಯುತ್ತಿದ್ದ. ದಿನಾ ಚಹಾದಂಗಡಿಯಲ್ಲಿ ನಮ್ಮದು ಒಂದೇ ಜಗಳ. ಯಾವ ಬಾಕ್ಸರ್ ನಿವೃತ್ತಿಯಾದ ಮೇಲೆ ಒಳ್ಳೆಯ ತರಬೇತಿದಾರನಾಗುತ್ತಾನೆ?

“ಗೆದ್ದಾವನ ಆಗ್ತಾನ್ರಿ ಅಕ್ಕಾ. ಗೆಲ್ಲೂದು ಗೊತ್ತಿದ್ದಾವ ತಾನ ಕಲಸಾಕ ಆಗೂದು?”

“ನಿನ್ನ ಆ ಹುಕ್ ಹೆಂಗ ಹೊಡೀತಿ, ಹೇಳ ನೋಡೋಣು.”

ಅವನು ಎದ್ದು ನಿಂತು ಗಾಳಿಗೆ ಒಂದು ಬಿಟ್ಟ. ಚಹಾದ ಗ್ಲಾಸು ಬಿತ್ತು. “ಹಿಂಗರಿ.”

“ಹಿಂಗ ಅಂದ್ರ ಹೆಂಗ?”

“ಹಿಂಗಂದ್ರ… ಹಿಂಗರೀ ಅಕ್ಕಾ!” ಇನ್ನೊಂದು ಗ್ಲಾಸು ಹೋಗುವುದರಲ್ಲಿತ್ತು, ಅಂಗಡಿಯವನೇ ಎತ್ತಿಕೊಂಡ.

ನನ್ನ ಲೆಕ್ಕ ಬೇರೆ. ಮೂರನೇ ಪಂದ್ಯದಲ್ಲಿ ಮಹಾರಾಷ್ಟ್ರದ ಒಬ್ಬಳು ನನ್ನನ್ನು ನಾಲ್ಕೂ ಸುತ್ತು ಹಣ್ಣು ಮಾಡಿದ್ದಳು. ಪಂದ್ಯ ಮುಗಿದ ಮೇಲೆ ನಾನು ಸ್ಟೂಲಿನ ಮೇಲೆ ಐಸ್ ಹಿಡಿದು ಕೂತಿದ್ದಾಗ ಬಂದು ಮುಂದೆ ಕೂತಳು. ಅವಳಿಗೆ ಕನ್ನಡ ಬಾರದು, ನನಗೆ ಅರ್ಧ ಮರಾಠಿ. ನೀನು ಉಸಿರು ಬಿಡುವಾಗಲೆಲ್ಲ ಬಲಗೈಯನ್ನು ನಾಲ್ಕು ಬೆರಳಿನಷ್ಟು ಕೆಳಗೆ ಇಳಿಸುತ್ತೀ, ನಾನು ನಿನ್ನ ಕೈ ನೋಡಲೇ ಇಲ್ಲ, ಮೂಗು ನೋಡಿ ಹೊಡೆದೆ ಎಂದು ತೋರಿಸಿಕೊಟ್ಟಳು. ಬಡಿದು, ಯಾಕೆ ಬಡಿಯಲು ಆಯಿತು ಎಂದೂ ಹೇಳಿದಳಲ್ಲ, ಇವಳು ತರಬೇತಿದಾರಳಾಗುತ್ತಾಳೆ ಎಂದು ನನಗೆ ಅಲ್ಲೇ ಅನ್ನಿಸಿತು. ಗೆದ್ದಳೋ ಸೋತಳೋ ಎಂಬುದಲ್ಲ. ಎದುರಿನವರನ್ನು ನೋಡಿದಳೋ ಇಲ್ಲವೋ ಎಂಬುದೇ ಲೆಕ್ಕ. ನನ್ನಂಥವರಿಗಂತೂ ನೋಡದೆ ಗತಿಯೇ ಇರಲಿಲ್ಲ, ಏಟು ಅಲ್ಲಿಂದಲೇ ಬರುತ್ತಿತ್ತು.

ಇದನ್ನೇ ಲಿಖಿತ ಪರೀಕ್ಷೆಯಲ್ಲಿ ಬರೆದೆ, ಪಾಸಾದೆ. ಬರೆಯುವುದು ನನಗೆ ಕಷ್ಟವಲ್ಲ, ಡಿಗ್ರಿ ಸುಮ್ಮನೆ ಬಂದಿಲ್ಲ. ಕಷ್ಟ ಇದ್ದದ್ದು ಪ್ರಾಯೋಗಿಕದಲ್ಲಿ. ಒಬ್ಬೊಬ್ಬರಿಗೂ ಹೊಸದಾಗಿ ಕಲಿಯುವವರೊಬ್ಬರನ್ನು ಹಚ್ಚಿಕೊಟ್ಟರು, ಹದಿನೈದು ದಿನ ಕೊಟ್ಟರು. ಕಡೆಯ ದಿನ ಪರೀಕ್ಷಕರು ತಾವೇ ಗ್ಲೌಸ್ ಹಾಕಿ ಮೆಲ್ಲಗೆ ಏಟು ಬಿಡುತ್ತಾರೆ. ಕಲಿತವರು ತಡೆದರೆ ಕಲಿಸಿದವರು ಪಾಸು.

ಬಾದಾಮಿಯವನಿಗೆ ಸಿಕ್ಕವನು ಕಲ್ಲು ಒಡೆಯುವ ಗಟ್ಟಿ ಆಳು. ನನಗೆ ಸಿಕ್ಕವರು ಬಾಗಲಕೋಟೆ–ಇಳಕಲ್ ಬಸ್ಸಿನ ಕಂಡಕ್ಟರ್, ನಲವತ್ತು ದಾಟಿದ ಹೆಣ್ಣುಮಗಳು. “ಮೈ ಇಳಸಾಕ ಬಂದೇನ್ರಿ ಮೇಡಂ, ಬಡಿದಾಟ ಬ್ಯಾಡ. ಬಡಿದಾಟ ಬಸ್ಸಿನ್ಯಾಗ ದಿನಾ ಐತಿ” ಎಂದರು.

ಅವರ ಕಾಲು ಕಂಡು ನನಗೆ ಕುಣಿಯುವಷ್ಟು ಖುಷಿ ಆಯಿತು. ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ನಿಂತು ನಿಂತು ಬಾಕ್ಸರಿನ ನಿಲುವು ತಾನಾಗಿಯೇ ಬಂದಿತ್ತು. ಎಡಗೈಯದ್ದೇ ತಕರಾರು. ಗಲ್ಲದ ಹತ್ತಿರ ಇರಬೇಕಾದ ಕೈ, ನಾನು ಮುಂದೆ ಸರಿದ ಕೂಡಲೇ ಸರ್ರನೆ ಸೊಂಟಕ್ಕೆ ಇಳಿಯುತ್ತಿತ್ತು. “ಕೈ ಮ್ಯಾಲ ರೀ ಅಕ್ಕಾರ!” ಎಂದರೆ ಏರುತ್ತಿತ್ತು, ಎರಡು ಉಸಿರಿಗೆ ಮತ್ತೆ ಸೊಂಟ. ಹತ್ತು ದಿನ ಕೂಗಿ ಕೂಗಿ ನನ್ನ ಗಂಟಲು ಹೋಯಿತು, ಅವರ ಕೈ ಏರಲಿಲ್ಲ.

ಹನ್ನೊಂದನೇ ದಿನ ರವಿವಾರ. ಮನೆಗೆ ಹೋಗಿ ಇದನ್ನು ಹೇಳಿದೆ. ಅತ್ತೆ ಸೋಮವಾರ ನನ್ನ ಜೊತೆಯೇ ಬಸ್ ಹತ್ತಿದಳು. ಹೆಂಗಸರಿಗೆ ಬಸ್ ಪುಕ್ಕಟೆ ಆದಂದಿನಿಂದ ಅವಳಿಗೆ ಬಾಗಲಕೋಟೆಯಲ್ಲಿ ದಿನಕ್ಕೊಂದು ಕೆಲಸ ಹುಟ್ಟುತ್ತದೆ. ಬಸ್ಸಿನಲ್ಲಿ ನಮ್ಮ ಕಂಡಕ್ಟರ್ ಅಕ್ಕನೇ ಇದ್ದರು. ಅಮೀನಗಡದಲ್ಲಿ ಜನ ನುಗ್ಗಿದರು. ಅಕ್ಕ ಬಲಗೈಯಲ್ಲಿ ಟಿಕೆಟ್ ಮಷಿನ್ ಹಿಡಿದು ಆ ಗದ್ದಲದಲ್ಲಿ ಕಂಬದಂತೆ ನಿಂತಿದ್ದರು. ಮೈಗೆ ಯಾರಾದರೂ ತಾಗಿದರೆ ಸಾಕು, ಎಡಗೈ ಸೊಂಟದ ರೊಕ್ಕದ ಚೀಲದ ಮೇಲೆ.

ನಾನು ನೋಡುತ್ತಲೇ ಇದ್ದೆ. ಅತ್ತೆಯೂ ನೋಡಿದಳು. ಆಧಾರ್ ಕಾರ್ಡು ಸೆರಗಿಗೆ ಗಂಟು ಹಾಕುತ್ತ ನನ್ನನ್ನು ತಿವಿದಳು.

“ಆಕಿ ಕೈ ಚೀಲಾ ಬಿಟ್ಟ ಎಲ್ಲೂ ಹೋಗೂದಿಲ್ಲ, ನೀ ಯಾಕ ಒದರ್ತಿ? ಚೀಲಾನ ಮ್ಯಾಲ ಕಟ್ಟ.”

“ಏನಂದಿ?”

“ಕಿವಿಗೂ ಏಟ ಬಿದ್ದಾವೇನ? ಚೀಲಾ ಮ್ಯಾಲ ಕಟ್ಟ ಅಂದೆ.”

ಅಂದು ಸಂಜೆ ಡ್ಯೂಟಿ ಮುಗಿಸಿ ಅಕ್ಕ ಬಂದಾಗ ಒಂದು ಹಳೆಯ ಖಾಲಿ ಚೀಲ ತರಿಸಿದೆ. ಅದರ ಪಟ್ಟಿ ಗಿಡ್ಡ ಮಾಡಿ, ಚೀಲ ಎಡಗಲ್ಲದ ಕೆಳಗೆ ಬರುವಂತೆ ಕೊರಳಿಗೆ ಕಟ್ಟಿದೆ. ಎತ್ತಿನ ಕೊರಳ ಗಂಟೆಯಂತೆ ಕಾಣುತ್ತಿತ್ತು. ಉಳಿದವರು ಹೊಟ್ಟೆ ಹಿಡಿದು ನಕ್ಕರು, ಅಕ್ಕನೂ ನಕ್ಕರು. ನಾನು ಮುಂದೆ ಸರಿದೆ. ಕೈ ಸರ್ರನೆ ಚೀಲಕ್ಕೆ ಹೋಯಿತು, ಅಂದರೆ ಗಲ್ಲಕ್ಕೆ. ಮತ್ತೆ ಸರಿದೆ, ಮತ್ತೆ ಗಲ್ಲ. ಉಳಿದ ದಿನಗಳೂ ಚೀಲ ಕಟ್ಟಿಯೇ ಆಡಿಸಿದೆ.

ಪರೀಕ್ಷೆಯ ದಿನ ಪರೀಕ್ಷಕರು ಬಂದರು. ಮೂಗು ಚಪ್ಪಟೆಯಾದ, ಮಾತು ಕಡಿಮೆಯ ಹಿರಿಯರು. ಅಕ್ಕನ ಕೊರಳು ನೋಡಿ, “ಇದೇನ್ರಿ ಇದು? ತಗೀರಿ” ಎಂದರು.

ತೆಗೆದೆ. ಆ ಚೀಲದ ಜೊತೆ ಭವನದ ಕೋಣೆಯ ಕೀಲಿಯೂ ಹೋದ ಹಾಗೆ ಅನ್ನಿಸಿತು. ಪರೀಕ್ಷಕರು ಮುಂದೆ ಸರಿದರು. ಅಕ್ಕನ ಕೈ ಗಲ್ಲ ಬಿಟ್ಟಿತು, ಎದೆಗೆ ಬಂತು, ಸೊಂಟದ ದಾರಿ ಹಿಡಿಯಿತು.

“ಅಕ್ಕಾರ, ಚೀಲಾ!” ಎಂದು ಕೂಗಿದೆ.

ಕೈ ಹಾರಿ ಗಲ್ಲಕ್ಕೆ ಬಂತು. ಏಟು ಗ್ಲೌಸಿಗೆ ಬಿತ್ತು. ಆಮೇಲೆ ಅವರು ಎಷ್ಟು ಬಿಟ್ಟರೂ ಆ ಕೈ ಅಲ್ಲಿಂದ ಕದಲಲಿಲ್ಲ, ಹಬ್ಬದ ದಿನದ ಬಸ್ಸಿನಲ್ಲಿ ಇದ್ದಂತೆ.

ಪರೀಕ್ಷಕರು ಬೆವರು ಒರೆಸಿಕೊಂಡು ನನ್ನ ಹತ್ತಿರ ಬಂದರು. “ಚೀಲಾ ಅಂದ್ರ ಏನ್ರಿ? ನಲವತ್ತ ವರ್ಷದಾಗ ನಾ ಕೇಳಿಲ್ಲ.” ಹೇಳಿದೆ. ಅವರು ನಗಲಿಲ್ಲ, ಬಹಳ ಹೊತ್ತು ಏನೋ ಬರೆದುಕೊಂಡರು.

ಬಾದಾಮಿಯವನ ಆಳು ಏಟು ಹಾಕಿದ್ದು ಭರ್ಜರಿ, ತಡೆದದ್ದು ಒಂದೂ ಇಲ್ಲ. ಅವನಿಗೆ ಮತ್ತೊಮ್ಮೆ ಬಾ ಎಂದರು. ಹೊರಗೆ ಬಂದು ಚಹಾ ಕೊಡಿಸಿ ಕೇಳಿದ, “ಅಕ್ಕಾ, ನಾ ಹುಕ್ ಹೊಡಿಯೂ ಮೊದಲ ಏನ ಮಾಡ್ತೇನಿ, ನೀವ ನೋಡಿ ಹೇಳ್ತೀರೇನ್ರಿ?” ಇವನೂ ಆಗುತ್ತಾನೆ ಅನ್ನಿಸಿತು. ಮುಂದಿನ ಸಲ ಆದ ಕೂಡ.

ಸರ್ಟಿಫಿಕೇಟ್ ಕೊಡುವ ದಿನ ಅತ್ತೆ ಇಳಕಲ್ ಸೀರೆ ಉಟ್ಟು, ಅಕ್ಕನ ಬಸ್ಸಿನಲ್ಲೇ ಬಂದು ಮುಂದಿನ ಸಾಲಿನಲ್ಲಿ ಕೂತಳು. ಪರೀಕ್ಷಕರು ನನ್ನ ಕೈಗೆ ಸರ್ಟಿಫಿಕೇಟ್ ಕೊಟ್ಟರು. ನಾನು ಕೆಳಗೆ ಇಳಿದು ಅದನ್ನು ಅತ್ತೆಯ ಕೈಗಿಟ್ಟೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಹಿಡಿದಳು. ಬೆರಳಿಟ್ಟು ಮೊದಲ ಸಾಲಿನಿಂದ ಕಡೆಯ ಸಾಲಿನವರೆಗೆ ನಿಧಾನ ಹೋದಳು. ಹಿಂದೆ ತಿರುಗಿಸಿಯೂ ನೋಡಿದಳು. ಆಮೇಲೆ ತಲೆ ಎತ್ತಿ, ಇಡೀ ಸಭೆಗೆ ಕೇಳುವ ಹಾಗೆ ಅಂದಳು:

“ಚೀಲಾ ಮ್ಯಾಲ ಕಟ್ಟ ಅಂದಾಕಿ ನಾ. ಇದರಾಗ ನನ್ನ ಹೆಸರ ಎಲ್ಲೈತಿ?”